ಉಂಡದ್ದು ಮೈಗೆ ಹತ್ತಿತೇ? ಆಹಾರ ಸಂಶೋಧನೆಯಲ್ಲಿ ಚಯಾಪಚಯ ವಸ್ತುಗಳ ಅಧ್ಯಯನ

ಮಗು ಹೊಟ್ಟೆ ತುಂಬ ಉಂಡರೂ ಸೊರಗುತ್ತಿದ್ದರೆ ‘ಉಂಡದ್ದು ಮೈಗೆ ಹತ್ತವಲ್ದು’ ಎಂದು ಕೊಪ್ಪಳ ಸೀಮೆಯ ಹಿರಿಯರು ಹೇಳುವುದುಂಟು. ಈ ಮಾತಿನಲ್ಲಿ ಒಂದು ದೊಡ್ಡ ವೈಜ್ಞಾನಿಕ ಪ್ರಶ್ನೆಯೇ ಅಡಗಿದೆ. ತಾಟಿಗೆ ಬಡಿಸಿದ್ದು ಎಷ್ಟು ಎಂಬುದು ಬೇರೆ. ಅದರಲ್ಲಿ ದೇಹಕ್ಕೆ ಸಂದದ್ದು ಎಷ್ಟು, ಯಾವ ರೂಪದಲ್ಲಿ ಸಂದಿತು, ಯಾವುದು ವ್ಯರ್ಥವಾಗಿ ಹೊರಗೆ ಹೋಯಿತು ಎಂಬುದು ಬೇರೆ. ಮೊದಲಿನದನ್ನು ತಕ್ಕಡಿಯಿಂದ ತಿಳಿಯಬಹುದು. ಎರಡನೆಯದನ್ನು ತಿಳಿಯಬೇಕಾದರೆ ರಕ್ತ, ಮೂತ್ರ, ಹಾಲು ಮುಂತಾದವುಗಳಲ್ಲಿರುವ ಅತಿ ಸಣ್ಣ ವಸ್ತುಗಳನ್ನು ಗುರುತಿಸಿ ಅಳೆಯಬೇಕಾಗುತ್ತದೆ. ಹೀಗೆ ಅಳೆಯುವ ಶಾಸ್ತ್ರಕ್ಕೆ ‘ಮೆಟಬೊಲೋಮಿಕ್ಸ್’, ಅಂದರೆ ಚಯಾಪಚಯ ವಸ್ತುಗಳ ಸಮಗ್ರ ಅಧ್ಯಯನ ಎಂದು ಹೆಸರು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ಹಳೆಯ ನಾಲ್ಕು ತಾಲ್ಲೂಕುಗಳ ಊಟವು ನೀರಿನ ಆಸರೆಯಂತೆ ಬೇರೆಬೇರೆಯಾಗಿದೆ. 1953ರಿಂದ ತುಂಗಭದ್ರಾ ಕಾಲುವೆಯ ನೀರು ಹರಿದ ಗಂಗಾವತಿಯ ಭಾಗ ಭತ್ತದ ಸೀಮೆಯಾಯಿತು. ಕುಷ್ಟಗಿ ಮತ್ತು ಯಲಬುರ್ಗಾ ಬಹುಪಾಲು ಮಳೆಯನ್ನೇ ನಂಬಿದ ಒಣಬೇಸಾಯದ ತಾಲ್ಲೂಕುಗಳಾಗಿದ್ದು, ಅಲ್ಲಿ ಜೋಳ, ಸಜ್ಜೆ, ಶೇಂಗಾ, ಹೆಸರು, ತೊಗರಿ, ಕಡಲೆ ಬೆಳೆಯುತ್ತವೆ. ಕೊಪ್ಪಳ ತಾಲ್ಲೂಕಿನಲ್ಲಿ ಎರಡೂ ಬಗೆಯ ಬೇಸಾಯವಿದೆ. ಈ ಊಟಗಳಲ್ಲಿ ಒಂದೊಂದಕ್ಕೂ ಅದರದೇ ಆದ ಗುಣವಿದೆ, ಅದರದೇ ಆದ ಕೊರತೆಯೂ ಇದೆ. ಅವು ಯಾವುವು, ಮನೆಯ ಮಟ್ಟದಲ್ಲಿ ಅವನ್ನು ಸರಿಪಡಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಚಯಾಪಚಯ ವಸ್ತು ಎಂದರೇನು?

ತಿಂದ ಆಹಾರ ಹೊಟ್ಟೆಯಲ್ಲಿ ಒಡೆದು ಸಕ್ಕರೆ, ಅಮೈನೋ ಆಮ್ಲ, ಕೊಬ್ಬಿನ ಆಮ್ಲ ಮುಂತಾದ ಸಣ್ಣ ವಸ್ತುಗಳಾಗುತ್ತದೆ. ಇವು ರಕ್ತದ ಮೂಲಕ ದೇಹದ ಕಣಕಣಕ್ಕೂ ಸೇರಿ, ಅಲ್ಲಿ ಕೆಲವು ಉರಿದು ಶಕ್ತಿಯಾಗುತ್ತವೆ, ಕೆಲವು ಮಾಂಸಖಂಡವಾಗಿ ಕಟ್ಟಿಕೊಳ್ಳುತ್ತವೆ, ಉಳಿದವು ಮಾರ್ಪಾಟಾಗಿ ಮೂತ್ರ ಮತ್ತು ಬೆವರಿನಲ್ಲಿ ಹೊರಬೀಳುತ್ತವೆ. ಈ ಕಟ್ಟುವ ಮತ್ತು ಒಡೆಯುವ ಕೆಲಸಕ್ಕೆ ಚಯಾಪಚಯ ಎನ್ನುವರು. ಈ ದಾರಿಯಲ್ಲಿ ಹುಟ್ಟುವ ಸಣ್ಣ ಸಣ್ಣ ವಸ್ತುಗಳೇ ಚಯಾಪಚಯ ವಸ್ತುಗಳು.

ಒಲೆಯ ಬೂದಿಯನ್ನು ನೋಡಿ ಉರಿದದ್ದು ಜಾಲಿಯ ಕಟ್ಟಿಗೆಯೋ ತೊಗರಿ ಕಟ್ಟಿಗೆಯೋ ಎಂದು ಅನುಭವಸ್ಥ ಹೆಣ್ಣುಮಕ್ಕಳು ಹೇಳಬಲ್ಲರು. ಹೊಗೆ ಹೆಚ್ಚಾದರೆ ಕಟ್ಟಿಗೆ ಹಸಿಯಿದೆ ಎಂದು ತಿಳಿಯುತ್ತಾರೆ. ಮೂತ್ರ ಮತ್ತು ರಕ್ತ ದೇಹವೆಂಬ ಒಲೆಯ ಬೂದಿ ಮತ್ತು ಹೊಗೆ ಇದ್ದಂತೆ. ಅವುಗಳಲ್ಲಿ ಉಳಿದ ಗುರುತಿನಿಂದ ಒಳಗೆ ಏನು ಉರಿಯಿತು, ಸರಿಯಾಗಿ ಉರಿಯಿತೇ ಎಂಬುದನ್ನು ಕಂಡುಹಿಡಿಯಬಹುದು.

ಈ ಜ್ಞಾನ ತೀರ ಹೊಸದೇನಲ್ಲ. ಮೂತ್ರಕ್ಕೆ ಇರುವೆ ಮುತ್ತಿದರೆ ಅದು ಸಿಹಿಮೂತ್ರ ರೋಗದ ಲಕ್ಷಣವೆಂದು ಈ ದೇಶದ ವೈದ್ಯರು ಬಹು ಹಿಂದೆಯೇ ಅರಿತಿದ್ದರು. ‘ಮಧುಮೇಹ’ ಎಂಬ ಹೆಸರೇ ಅದಕ್ಕೆ ಸಾಕ್ಷಿ. ಅಂದು ಇರುವೆ ಗುರುತಿಸುತ್ತಿದ್ದುದು ಒಂದೇ ವಸ್ತುವನ್ನು, ಅಂದರೆ ಸಕ್ಕರೆಯನ್ನು. ಇಂದಿನ ಯಂತ್ರಗಳು ಒಂದೇ ಸಲಕ್ಕೆ ನೂರಾರು ವಸ್ತುಗಳನ್ನು ಗುರುತಿಸುತ್ತವೆ. ವ್ಯತ್ಯಾಸ ಇಷ್ಟೇ.

ಪರೀಕ್ಷೆ ನಡೆಯುವ ಬಗೆ

ಅಮೆರಿಕದ ವಿಜ್ಞಾನಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು 1971ರಲ್ಲಿ ಮನುಷ್ಯನ ಉಸಿರಿನಲ್ಲಿ ಸುಮಾರು 250 ಹಾಗೂ ಮೂತ್ರದ ಆವಿಯಲ್ಲಿ ಸುಮಾರು 280 ವಸ್ತುಗಳನ್ನು ಬೇರ್ಪಡಿಸಿ ತೋರಿಸಿದರು. ದೇಹದ ಎಲ್ಲ ಸಣ್ಣ ವಸ್ತುಗಳನ್ನು ಒಟ್ಟಾಗಿ ‘ಮೆಟಬೊಲೋಮ್’ ಎಂದು ಕರೆಯುವ ರೂಢಿ ಬಂದದ್ದು 1998ರ ನಂತರ. ಪರೀಕ್ಷೆಯಲ್ಲಿ ಮುಖ್ಯವಾಗಿ ಮೂರು ಹಂತಗಳಿವೆ.

ಮೊದಲನೆಯದು ಬೇರ್ಪಡಿಸುವುದು. ಜರಡಿಯಲ್ಲಿ ಕಾಳು, ನುಚ್ಚು, ಹೊಟ್ಟು ಬೇರೆಯಾಗುವಂತೆ, ಕ್ರೊಮೆಟೊಗ್ರಫಿ ಎಂಬ ವಿಧಾನದಲ್ಲಿ ಕಿರಿದಾದ ಕೊಳವೆಯೊಳಗೆ ಮಾದರಿಯನ್ನು ಹರಿಸಿದಾಗ ಪ್ರತಿಯೊಂದು ವಸ್ತುವೂ ತನ್ನದೇ ಆದ ವೇಗದಲ್ಲಿ ಸಾಗಿ ಬೇರೆಬೇರೆ ಹೊತ್ತಿಗೆ ಹೊರಬರುತ್ತದೆ.

ಎರಡನೆಯದು ಗುರುತಿಸುವುದು. ಹೊರಬಂದ ವಸ್ತುವಿನ ಕಣಗಳನ್ನು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ತೂಗಿ ನೋಡುತ್ತದೆ. ತೂಕದಿಂದಲೂ ಒಡೆದ ಚೂರುಗಳ ರೀತಿಯಿಂದಲೂ ಅದು ಯಾವ ವಸ್ತು ಎಂದು ತಿಳಿಯುತ್ತದೆ.

ಮೂರನೆಯದು ಹೋಲಿಸುವುದು. ಆರೋಗ್ಯವಂತರ ಮಾದರಿಗೂ ರೋಗಿಗಳ ಮಾದರಿಗೂ, ಜೋಳ ತಿನ್ನುವವರಿಗೂ ಅಕ್ಕಿ ತಿನ್ನುವವರಿಗೂ ಇರುವ ಅಂತರವನ್ನು ಕಂಪ್ಯೂಟರಿನ ಸಹಾಯದಿಂದ ಲೆಕ್ಕಹಾಕಲಾಗುತ್ತದೆ.

ಇಂಥ ಯಂತ್ರಗಳು ದೂರದ ದೇಶಗಳಲ್ಲಿ ಮಾತ್ರ ಇವೆ ಎಂದು ತಿಳಿಯಬೇಕಾಗಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ಮತ್ತು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯಗಳಲ್ಲಿ ಇಂಥ ಪರೀಕ್ಷೆಗಳು ನಡೆಯುತ್ತವೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೀಟನಾಶಕ ಶೇಷ ಮತ್ತು ಆಹಾರ ಗುಣಮಟ್ಟ ವಿಶ್ಲೇಷಣಾ ಪ್ರಯೋಗಾಲಯದಲ್ಲಿಯೂ ಇದೇ ಜಾತಿಯ ಯಂತ್ರಗಳು ಕಾಳು, ಕಾಯಿಪಲ್ಲೆಗಳಲ್ಲಿ ಉಳಿದ ಔಷಧದ ಅಂಶವನ್ನು ಅಳೆಯುತ್ತವೆ.

ಕೇಳಿ ತಿಳಿಯುವುದಕ್ಕಿಂತ ಅಳೆದು ತಿಳಿಯುವುದು ಲೇಸು

ಆಹಾರ ಸಮೀಕ್ಷೆಯವರು ಮನೆಗೆ ಬಂದು ‘ನಿನ್ನೆ ಏನು ಉಂಡಿರಿ?’ ಎಂದು ಕೇಳುತ್ತಾರೆ. ಮನೆಯೊಡತಿ ಅಡುಗೆ ಮಾಡಿದ್ದನ್ನೆಲ್ಲ ಹೇಳುತ್ತಾಳೆ. ತಾನು ಉಂಡದ್ದನ್ನು ಹೇಳುವುದಿಲ್ಲ. ಗಂಡಸರು, ಮಕ್ಕಳು ಉಂಡೆದ್ದ ಮೇಲೆ ಕೊನೆಗೆ ಕುಳಿತವಳ ಪಾಲಿಗೆ ಬೇಳೆ ತಳ ಕಂಡಿರುತ್ತದೆ. ರೊಟ್ಟಿ ಮತ್ತು ಖಾರ ಮಾತ್ರ ಉಳಿದಿರುತ್ತವೆ. ಆದರೆ ಸಮೀಕ್ಷೆಯ ಪುಸ್ತಕದಲ್ಲಿ ಎಲ್ಲರ ಹೆಸರಿಗೂ ಬೇಳೆ ಬರೆದಿರುತ್ತದೆ. ಲೆಕ್ಕ ಸರಿಯಾಗಿರುತ್ತದೆ, ತಾಯಿಗೆ ಮಾತ್ರ ರಕ್ತ ಇರುವುದಿಲ್ಲ.

ಇಂಥ ಕಡೆ ದೇಹದಲ್ಲಿರುವ ಗುರುತು ಸತ್ಯವನ್ನು ಹೇಳುತ್ತದೆ. ಕಿತ್ತಳೆ, ಮೋಸಂಬಿ ತಿಂದವರ ಮೂತ್ರದಲ್ಲಿ ಪ್ರೋಲಿನ್ ಬೀಟೇನ್ ಎಂಬ ವಸ್ತು ಹೆಚ್ಚಾಗಿ ಕಾಣುತ್ತದೆ. ತೌಡು ಸಹಿತವಾದ ಗೋಧಿ ತಿಂದವರ ರಕ್ತದಲ್ಲಿ ಆಲ್ಕೈಲ್‌ರಿಸಾರ್ಸಿನಾಲ್ ಎಂಬ ವಸ್ತು ಸಿಗುತ್ತದೆ. ಮೈದಾ ತಿಂದವರಲ್ಲಿ ಅದು ತೀರ ಕಡಿಮೆ. ಮೀನು ಮತ್ತು ಮಾಂಸಕ್ಕೂ ಇಂಥ ಗುರುತುಗಳಿವೆ. ಪೌಷ್ಟಿಕ ಆಹಾರ ಯೋಜನೆಯೊಂದು ನಿಜವಾಗಿ ಯಾರ ಬಾಯಿಗೆ ತಲುಪಿತು ಎಂಬುದನ್ನು ಪರೀಕ್ಷಿಸಲು ಇಂಥ ಗುರುತುಗಳು ಬಹು ಉಪಯುಕ್ತ.

ಜೋಳದ ರೊಟ್ಟಿ ಮತ್ತು ಪೆಲಾಗ್ರ ರೋಗ

ಈ ಶಾಸ್ತ್ರದ ಬೆಲೆಯನ್ನು ತಿಳಿಯಲು ಜೋಳದ ಸೀಮೆಯವರು ದೂರ ಹೋಗಬೇಕಾಗಿಲ್ಲ. 1956ರವರೆಗೆ ಈ ನಾಲ್ಕೂ ತಾಲ್ಲೂಕುಗಳಿಗೆ ರಾಯಚೂರೇ ಜಿಲ್ಲೆ, ಹೈದರಾಬಾದೇ ರಾಜಧಾನಿಯಾಗಿತ್ತು. (ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.) ಆ ಕಾಲದಲ್ಲಿ ದಖ್ಖಣದ ಜೋಳ ತಿನ್ನುವ ಬಡವರಲ್ಲಿ ಒಂದು ರೋಗ ಕಾಣಿಸುತ್ತಿತ್ತು. ಬಿಸಿಲು ಬೀಳುವ ಕುತ್ತಿಗೆ, ಮುಂಗೈ, ಪಾದಗಳ ಚರ್ಮ ಕಪ್ಪಾಗಿ, ಒರಟಾಗಿ ಸುಲಿಯುವುದು; ನಾಲಿಗೆ ಹುಣ್ಣಾಗುವುದು; ಭೇದಿ ನಿಲ್ಲದಿರುವುದು; ನಿದ್ದೆ ಕೆಟ್ಟು, ಮಂಕು ಕವಿದು, ಕೊನೆಗೆ ಬುದ್ಧಿಭ್ರಮಣೆಯಾಗುವುದು ಇದರ ಲಕ್ಷಣಗಳು. ಗಾಳಿ ಸೋಕಿತೆಂದು ತಾಯಿತ ಕಟ್ಟಿದರೂ, ಚರ್ಮಕ್ಕೆ ಎಣ್ಣೆ ಹಚ್ಚಿದರೂ ಇಂಥ ರೋಗ ಗುಣವಾಗುವುದಿಲ್ಲ. ಇದೇ ಪೆಲಾಗ್ರ.

ಈ ರೋಗ ನಯಾಸಿನ್ ಎಂಬ ಬಿ ಗುಂಪಿನ ಜೀವಸತ್ವದ ಕೊರತೆಯಿಂದ ಬರುತ್ತದೆ. ಅಮೆರಿಕದ ದಕ್ಷಿಣ ಭಾಗದಲ್ಲಿ ಗೋವಿನಜೋಳವನ್ನೇ ತಿನ್ನುತ್ತಿದ್ದ ಬಡವರಲ್ಲಿ ಇದು ಹಬ್ಬಿದ್ದಾಗ, ಇದು ಅಂಟುರೋಗವಲ್ಲ, ಊಟದ ಕೊರತೆಯೆಂದು ಡಾ. ಜೋಸೆಫ್ ಗೋಲ್ಡ್‌ಬರ್ಗರ್ ತೋರಿಸಿಕೊಟ್ಟರು. 1937ರಲ್ಲಿ ಕಾನ್ರಾಡ್ ಎಲ್ವೆಹ್ಯಾಮ್ ಎಂಬ ವಿಜ್ಞಾನಿ ನಾಯಿಗಳಿಗೆ ಬರುವ ಕಪ್ಪುನಾಲಿಗೆ ರೋಗವನ್ನು ನಯಾಸಿನ್‌ನಿಂದ ಗುಣಪಡಿಸಿದರು. ಗೋವಿನಜೋಳದಲ್ಲಿರುವ ನಯಾಸಿನ್ ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಅದರ ಸಸಾರಜನಕದಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲವೂ ಬಹಳ ಕಡಿಮೆ. ದೇಹವು ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫ್ಯಾನ್‌ನಿಂದ 1 ಮಿಲಿಗ್ರಾಂ ನಯಾಸಿನ್ ತಯಾರಿಸಿಕೊಳ್ಳುತ್ತದೆ. ಆದ್ದರಿಂದ ಟ್ರಿಪ್ಟೊಫ್ಯಾನ್ ಕಡಿಮೆಯಾದರೆ ನಯಾಸಿನ್ ಕೂಡ ಕಡಿಮೆಯಾಗುತ್ತದೆ.

ಆದರೆ ಜೋಳದ ಸಂಗತಿ ಬೇರೆ. ಅದರಲ್ಲಿ ನಯಾಸಿನ್ ಅಕ್ಕಿಗಿಂತ ಕಡಿಮೆಯೇನಿಲ್ಲ. ಟ್ರಿಪ್ಟೊಫ್ಯಾನ್ ಕೂಡ ಗೋವಿನಜೋಳದಷ್ಟು ಕಡಿಮೆಯಿಲ್ಲ. ಹಾಗಾದರೆ ಅಕ್ಕಿ ತಿನ್ನುವವರಿಗೆ ಬಾರದ ರೋಗ ಜೋಳ ತಿನ್ನುವವರಿಗೇಕೆ ಬರುತ್ತಿತ್ತು? ಕಾಳನ್ನು ಮಾತ್ರ ಪರೀಕ್ಷಿಸಿದವರಿಗೆ ಇದಕ್ಕೆ ಉತ್ತರ ಸಿಗಲಿಲ್ಲ.

ಹೈದರಾಬಾದಿನ ಪೌಷ್ಟಿಕತಾ ಸಂಶೋಧನಾಲಯದ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ಅವರು ಕಾಳಿನ ಜೊತೆಗೆ ಕಾಳು ತಿಂದವರ ದೇಹವನ್ನೂ ಪರೀಕ್ಷಿಸಿದರು. (1918ರಲ್ಲಿ ಕೂನೂರಿನಲ್ಲಿ ಆರಂಭವಾದ ಈ ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಬಂದು, 1969ರಲ್ಲಿ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ಎಂಬ ಹೆಸರು ಪಡೆಯಿತು.) ಜೋಳದ ಸಸಾರಜನಕದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಅತಿಯಾಗಿದೆ. ಲ್ಯೂಸಿನ್ ಹೆಚ್ಚಾಗಿ ಕೊಟ್ಟಾಗ ಮೂತ್ರದಲ್ಲಿ ಹೊರಹೋಗುವ ನಯಾಸಿನ್ ಸಂಬಂಧಿ ವಸ್ತುಗಳ ಪ್ರಮಾಣದಲ್ಲಿ ಏರುಪೇರು ಕಂಡುಬಂದಿತು. ಲ್ಯೂಸಿನ್‌ನ ಅತಿರೇಕವು ಟ್ರಿಪ್ಟೊಫ್ಯಾನ್ ಮತ್ತು ನಯಾಸಿನ್ ಬಳಕೆಗೆ ಅಡ್ಡಿಪಡಿಸುತ್ತದೆ ಎಂದು ಅವರು 1960ರಲ್ಲಿ ಪ್ರಕಟಿಸಿದರು. ಜೋಳದ ತಳಿಯಿಂದ ತಳಿಗೆ ಲ್ಯೂಸಿನ್ ಪ್ರಮಾಣ ಬೇರೆಬೇರೆ ಎಂಬುದೂ ಮುಂದೆ ತಿಳಿದುಬಂತು.

ಈ ವಿಚಾರದಲ್ಲಿ ವಿಜ್ಞಾನಿಗಳಿಗೆಲ್ಲ ಒಮ್ಮತವಿಲ್ಲ. ಹೊರದೇಶದ ಕೆಲವು ಪ್ರಯೋಗಗಳಲ್ಲಿ ಲ್ಯೂಸಿನ್‌ನಿಂದ ಇಂಥ ಪರಿಣಾಮ ಕಂಡುಬರಲಿಲ್ಲ. ಅಂದಿನ ವಿಧಾನಗಳಲ್ಲಿ ಒಂದು ಸಲಕ್ಕೆ ಒಂದೆರಡು ವಸ್ತುಗಳನ್ನು ಮಾತ್ರ ಅಳೆಯಬಹುದಾಗಿತ್ತು. ಇಂದು ಟ್ರಿಪ್ಟೊಫ್ಯಾನ್‌ನಿಂದ ನಯಾಸಿನ್‌ವರೆಗಿನ ದಾರಿಯಲ್ಲಿ ಬರುವ ಬಹುತೇಕ ವಸ್ತುಗಳನ್ನು ಒಂದೇ ಮಾದರಿಯಲ್ಲಿ ಅಳೆಯಬಹುದು. ಎಲ್ಲಿ ಅಡ್ಡಿಯಾಯಿತು ಎಂದು ಬೆರಳಿಟ್ಟು ತೋರಿಸಬಹುದು. ಹೊಸ ಶಾಸ್ತ್ರದ ಪ್ರಯೋಜನ ಇರುವುದು ಇಲ್ಲಿಯೇ.

ಇಷ್ಟರಿಂದ ಜೋಳ ಕೆಟ್ಟ ಧಾನ್ಯವೆಂದು ಯಾರೂ ತಿಳಿಯಬಾರದು. ಜೋಳದಲ್ಲಿ ನಾರು, ಕಬ್ಬಿಣ ಮುಂತಾದವು ಪಾಲಿಷ್ ಮಾಡಿದ ಅಕ್ಕಿಗಿಂತ ಹೆಚ್ಚಾಗಿವೆ. ಜೋಳದೊಂದಿಗೆ ಬೇರೇನೂ ಇಲ್ಲದಿರುವುದೇ ಕೆಡುಕು. ರೊಟ್ಟಿಗೆ ಹೆಸರುಕಾಳಿನ ಪಲ್ಯ, ತೊಗರಿಬೇಳೆ ಹಾಕಿದ ಪುಂಡಿಪಲ್ಲೆ, ಮೊಸರು, ಶೇಂಗಾ ಚಟ್ನಿ ಜೊತೆಯಾದರೆ ಊಟ ಪೂರ್ಣವಾಗುತ್ತದೆ. ಅದರಲ್ಲಿಯೂ ಶೇಂಗಾ ನಯಾಸಿನ್‌ನ ಸಮೃದ್ಧ ಮೂಲ. ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಎಂಬ ಹಳೆಯ ಜೋಡಿ ನಾಲಿಗೆಯ ರುಚಿಗಷ್ಟೇ ಹುಟ್ಟಿದ್ದಲ್ಲ ಎಂದು ಹೇಳಿದರೆ ತಪ್ಪಾಗಲಾರದು. ಊಟದಲ್ಲಿ ಬಗೆಗಳು ಹೆಚ್ಚಿದಂತೆ ಪೆಲಾಗ್ರ ಈಚಿನ ದಶಕಗಳಲ್ಲಿ ವಿರಳವಾಗಿದೆ.

ಒಳ್ಳೆಯ ಶೇಂಗಾ ಪೇಟೆಗೆ, ಜೊಳ್ಳು ಮನೆಗೆ

ಜೋಳದ ಕೊರತೆ ತುಂಬುವ ಇದೇ ಶೇಂಗಾ ಬೂಷ್ಟು ಹಿಡಿದರೆ ವಿಷವಾಗುತ್ತದೆ. ಕುಷ್ಟಗಿ, ಯಲಬುರ್ಗಾ ಭಾಗದ ರೈತ ಮನೆತನಗಳು ವಿಶೇಷವಾಗಿ ಗಮನಿಸಬೇಕಾದ ವಿಷಯವಿದು.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಅವುಗಳಿಗೆ ಹಾಕಿದ್ದ ಶೇಂಗಾ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರವಿದ್ದು, ಅದು ಉತ್ಪಾದಿಸಿದ ವಿಷವೇ ಸಾವಿಗೆ ಕಾರಣವೆಂದು ಪತ್ತೆಯಾಯಿತು. ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಡಲಾಯಿತು. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗಡಿಭಾಗದಲ್ಲಿ ಬೂಷ್ಟು ಹಿಡಿದ ಗೋವಿನಜೋಳ ತಿಂದು 397 ಜನ ಕಾಮಾಲೆಗೆ ಗುರಿಯಾದರು. ಅವರಲ್ಲಿ 106 ಜನ ಸತ್ತರು. ಕೊಂಚ ಕೊಂಚವಾಗಿ ಬಹುಕಾಲ ದೇಹ ಸೇರಿದರೆ ಈ ವಿಷ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುತ್ತದೆ.

ಇದರ ಚಯಾಪಚಯವನ್ನು ರೈತರು ಅವಶ್ಯವಾಗಿ ತಿಳಿದಿರಬೇಕು. ಬೂಷ್ಟು ಹಿಡಿದ ಹಿಂಡಿಯನ್ನು ಎಮ್ಮೆ ಅಥವಾ ಆಕಳಿಗೆ ತಿನ್ನಿಸಿದರೆ, ಅದರಲ್ಲಿರುವ ಅಫ್ಲಾಟಾಕ್ಸಿನ್ ಬಿ1 ಎಂಬ ವಿಷವು ಯಕೃತ್ತಿನಲ್ಲಿ ಮಾರ್ಪಾಟಾಗಿ ಅಫ್ಲಾಟಾಕ್ಸಿನ್ ಎಂ1 ಎಂಬ ವಸ್ತುವಾಗಿ ಹಾಲಿಗೆ ಇಳಿಯುತ್ತದೆ. ತಿನ್ನಿಸಿದ ಒಂದು ದಿನದೊಳಗೇ ಅದು ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಹಾಲು ಕಾಯಿಸಿದರೂ ಹೋಗುವುದಿಲ್ಲ. ಕೆಟ್ಟ ಹಿಂಡಿ ನಿಲ್ಲಿಸಿದ ಮೂರು ನಾಲ್ಕು ದಿನಗಳಲ್ಲಿ ಹಾಲು ಬಹುಮಟ್ಟಿಗೆ ಶುದ್ಧವಾಗುತ್ತದೆ. ಹಾಲಿನಲ್ಲಿ ಇದರ ಮಿತಿ ಕಿಲೋಗ್ರಾಮಿಗೆ 0.5 ಮೈಕ್ರೊಗ್ರಾಂ ಎಂದು ದೇಶದ ಆಹಾರ ಸುರಕ್ಷತಾ ನಿಯಮ ವಿಧಿಸಿದೆ. ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಮೈಕ್ರೊಗ್ರಾಂ ಎನ್ನುವರು. ಇಷ್ಟು ಸೂಕ್ಷ್ಮವಾದ ವಿಷವನ್ನು ಕಣ್ಣು, ಮೂಗು, ನಾಲಿಗೆ ಕಂಡುಹಿಡಿಯಲಾರವು, ಪ್ರಯೋಗಾಲಯವೇ ಕಂಡುಹಿಡಿಯಬೇಕು.

ಈ ವಿಷ ರಾಶಿಯಲ್ಲಿ ಸಮನಾಗಿ ಹಂಚಿಕೊಂಡಿರುವುದಿಲ್ಲ. ಸುಕ್ಕುಗಟ್ಟಿದ, ಒಡೆದ, ಹುಳು ಕೊರೆದ, ಬಣ್ಣಗೆಟ್ಟ ಕೆಲವೇ ಕಾಳುಗಳಲ್ಲಿ ಅದು ಒತ್ತಾಗಿರುತ್ತದೆ. ರೈತ ಮನೆಗಳಲ್ಲಿ ರೂಢಿ ಏನಿದೆ? ದುಂಡಾದ ಒಳ್ಳೆಯ ಕಾಯಿ ಪೇಟೆಗೆ ಹೋಗುತ್ತದೆ. ಆರಿಸಿ ತೆಗೆದ ಜೊಳ್ಳು, ಚೂರು, ಕರಿಗಾಳು ಮನೆಯ ಚಟ್ನಿಗೂ ದನದ ಬಾನಿಗೂ ಬೀಳುತ್ತವೆ. ಬೆಳೆದವನ ಮಕ್ಕಳೇ ಆ ರಾಶಿಯ ಅತಿ ಕೆಟ್ಟ ಕಾಳನ್ನು ತಿನ್ನುವಂತಾಗುತ್ತದೆ. ನಾಲ್ಕು ಸೇರು ಶೇಂಗಾ ಉಳಿಸಿದೆವೆಂಬ ಸಮಾಧಾನಕ್ಕೆ ಇದು ತುಂಬ ದುಬಾರಿಯಾದ ಬೆಲೆ. ಹುರಿದರೆ ವಿಷ ಸ್ವಲ್ಪ ಕಡಿಮೆಯಾಗಬಹುದೇ ಹೊರತು ಪೂರ್ತಿ ನಾಶವಾಗುವುದಿಲ್ಲ. ಆದ್ದರಿಂದ ಬೂಷ್ಟು ಹಿಡಿದ ಕಾಳನ್ನು ಹುರಿದು ಬಳಸುವುದು, ದನಕ್ಕೆ ಹಾಕುವುದು ಎರಡೂ ತಪ್ಪು. ಅದನ್ನು ಸುಟ್ಟುಹಾಕಬೇಕು ಇಲ್ಲವೆ ಆಳವಾಗಿ ಹೂಳಬೇಕು.

ಕಾಯಿ ಬಲಿಯುವ ಕಾಲದಲ್ಲಿ ಮಳೆ ಕೈಕೊಟ್ಟು ನೆಲ ಕಾದರೆ ಹೊಲದಲ್ಲಿಯೇ ಶಿಲೀಂಧ್ರ ಕಾಯಿಯೊಳಗೆ ಸೇರುತ್ತದೆ. ಕಿತ್ತ ನಂತರ ಮಳೆಗೆ ನೆನೆದರೆ ಮತ್ತಷ್ಟು ಹಬ್ಬುತ್ತದೆ. ಸಿಪ್ಪೆ ಸುಲಿಯಲು ಹಗುರವಾಗಲೆಂದು ಕಾಯಿಗೆ ನೀರು ಚಿಮುಕಿಸುವ ರೂಢಿ ಅದಕ್ಕೆ ಆಹ್ವಾನ ಕೊಟ್ಟಂತೆ.

ಕೊಳವೆ ಬಾವಿಯ ನೀರು ಮತ್ತು ಊಟ

ಕುಷ್ಟಗಿ, ಯಲಬುರ್ಗಾ ಭಾಗದ ಅನೇಕ ಹಳ್ಳಿಗಳ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿದೆ. ಗಟ್ಟಿಕಲ್ಲಿನ ನೆಲದ ಆಳದ ನೀರಿನಲ್ಲಿ ಇದು ಸಾಮಾನ್ಯ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಆಸರೆ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂ ವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಇದಕ್ಕಿಂತ ಹೆಚ್ಚಾದರೆ ಮಕ್ಕಳ ಹಲ್ಲಿಗೆ ಕಂದು ಕಲೆ ಬೀಳುತ್ತದೆ. ವರ್ಷಗಳು ಕಳೆದಂತೆ ಬೆನ್ನು, ಕೀಲು ಬಿಗಿಯುತ್ತವೆ.

ಇಲ್ಲಿಯೂ ನೀರನ್ನು ಮಾತ್ರ ಅಳೆದರೆ ಸಾಲದು ಎಂಬುದನ್ನು ಮೂತ್ರ ಪರೀಕ್ಷೆ ತೋರಿಸಿದೆ. ಕುಡಿದ ಫ್ಲೋರೈಡ್‌ನಲ್ಲಿ ಎಷ್ಟು ಹೊರಹೋಯಿತು, ಎಷ್ಟು ಒಳಗೆ ಉಳಿಯಿತು ಎಂದು ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯವರು ಲೆಕ್ಕ ಹಾಕಿದಾಗ, ಅಕ್ಕಿಯ ಊಟಕ್ಕಿಂತ ಜೋಳದ ಊಟದಲ್ಲಿ ಫ್ಲೋರೈಡ್ ದೇಹದಲ್ಲಿ ಹೆಚ್ಚಾಗಿ ಉಳಿಯುತ್ತದೆ ಎಂದು ಕಂಡುಬಂತು. ಈ ಫಲಿತಾಂಶ 1977ರಲ್ಲಿ ಪ್ರಕಟವಾಯಿತು. ಒಂದೇ ಬಾವಿಯ ನೀರು ಕುಡಿದರೂ ಎಲ್ಲರಿಗೂ ಒಂದೇ ಬಗೆಯ ಕೇಡಾಗದಿರಲು ಊಟವೂ ಒಂದು ಕಾರಣ. ಇದಕ್ಕೆ ಪರಿಹಾರ ಜೋಳ ಬಿಡುವುದಲ್ಲ, ನೀರು ಬದಲಿಸುವುದು. ಮಳೆನೀರನ್ನು ಸಂಗ್ರಹಿಸಿ ಕುಡಿಯಲು ಬಳಸುವುದು, ಊರಿನ ಶುದ್ಧ ನೀರಿನ ಘಟಕದಿಂದ ಅಥವಾ ನದಿಮೂಲದ ನಳದಿಂದ ನೀರು ತರುವುದು, ಹಾಲು, ಮಜ್ಜಿಗೆ ಮುಂತಾದ ಸುಣ್ಣದ ಅಂಶವುಳ್ಳ ಆಹಾರ ಹೆಚ್ಚಿಸುವುದು ಉಚಿತ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುತ್ತದೆ.

ಗಂಗಾವತಿಯ ಅಕ್ಕಿ, ಯಲಬುರ್ಗಾದ ಸಜ್ಜೆ

ಅಕ್ಕಿಯ ಊಟಕ್ಕೂ ತನ್ನ ಕೊರತೆಯಿದೆ. ಹೈದರಾಬಾದಿನ ಮೇಲೆ ಹೇಳಿದ ಸಂಸ್ಥೆ ಕೂನೂರಿನಲ್ಲಿ ಹುಟ್ಟಿದ್ದೇ ಬೆರಿಬೆರಿ ರೋಗದ ವಿಚಾರಣೆಗಾಗಿ. ಭತ್ತವನ್ನು ಹೆಚ್ಚು ಪಾಲಿಷ್ ಮಾಡಿದಾಗ ತೌಡಿನೊಡನೆ ಥಯಾಮಿನ್ ಎಂಬ ಬಿ1 ಜೀವಸತ್ವ ಹೊರಟುಹೋಗುತ್ತದೆ. ಥಯಾಮಿನ್ ಇಲ್ಲದಿದ್ದರೆ ಸಕ್ಕರೆ ಪೂರ್ತಿ ಉರಿಯದೆ ಪೈರುವಿಕ್ ಆಮ್ಲದ ಹಂತದಲ್ಲಿ ನಿಂತು, ಆ ಆಮ್ಲ ರಕ್ತದಲ್ಲಿ ಏರುತ್ತದೆ. ಹಸಿ ಕಟ್ಟಿಗೆಗೆ ಒಲೆ ಹೊಗೆಯಾಡಿದಂತೆ ಇದು. ಕುಸುಬಲಕ್ಕಿಯಲ್ಲಿ, ಅಂದರೆ ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ಅಕ್ಕಿಯಲ್ಲಿ, ಈ ಜೀವಸತ್ವ ಕಾಳಿನ ಒಳಕ್ಕೆ ಇಳಿಯುವುದರಿಂದ ಹೆಚ್ಚು ಉಳಿಯುತ್ತದೆ. ಬಿಳಿಯ ಅಕ್ಕಿ ಉಣ್ಣುವವರು ಬೇಳೆಕಾಳುಗಳನ್ನು ಮರೆಯಬಾರದು. ಅನ್ನದ ಗಂಜಿ ಬಸಿದು ಚೆಲ್ಲಬಾರದು.

ಸಜ್ಜೆಯ ಹಿಟ್ಟು ಬೀಸಿದ ಕೆಲವೇ ದಿನಗಳಲ್ಲಿ ಕಮಟು ಹಿಡಿಯುತ್ತದೆ. ಸಜ್ಜೆಯಲ್ಲಿ ಜಿಡ್ಡಿನ ಅಂಶ ಹೆಚ್ಚು. ಬೀಸಿದೊಡನೆ ಕಾಳಿನಲ್ಲಿಯೇ ಇರುವ ಕಿಣ್ವವೊಂದು ಆ ಜಿಡ್ಡನ್ನು ಒಡೆಯತೊಡಗುತ್ತದೆ. ಹಾಗೆ ಬಿಡಿಯಾದ ಕೊಬ್ಬಿನ ಆಮ್ಲಗಳು ಕೆಟ್ಟು ಆ ವಾಸನೆ ಬರುತ್ತದೆ. ಕಾಳನ್ನು ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತೆಗೆದು, ಚೆನ್ನಾಗಿ ಒಣಗಿಸಿ ಬೀಸಿದರೆ ಕಿಣ್ವ ನಿಷ್ಕ್ರಿಯವಾಗಿ ಹಿಟ್ಟು ಹೆಚ್ಚು ದಿನ ತಾಳುತ್ತದೆ. ಸಜ್ಜೆ ಹಿಟ್ಟನ್ನು ಪೊಟ್ಟಣ ಕಟ್ಟಿ ಮಾರಬೇಕೆನ್ನುವ ಸ್ತ್ರೀಶಕ್ತಿ ಸಂಘಗಳಿಗೆ ಇದು ಅನುಕೂಲಕರ.

ಈ ಶಾಸ್ತ್ರದ ಮಿತಿಗಳು

ಯಂತ್ರಗಳು ಬಹಳ ಬೆಲೆಯುಳ್ಳವು. ಪರೀಕ್ಷೆಗೆ ತರಬೇತಿ ಪಡೆದವರು ಬೇಕು. ಅನೇಕ ಗುರುತುಗಳು ಒಂದೆರಡು ದಿನಗಳಲ್ಲಿಯೇ ದೇಹದಿಂದ ಅಳಿದುಹೋಗುತ್ತವೆ; ಆದ್ದರಿಂದ ಒಂದು ದಿನದ ಮೂತ್ರದಿಂದ ವರ್ಷದ ಊಟವನ್ನು ಹೇಳಲಾಗದು. ವಯಸ್ಸು, ದುಡಿಮೆ, ಔಷಧ, ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಎಲ್ಲವೂ ಫಲಿತಾಂಶವನ್ನು ಬದಲಿಸುತ್ತವೆ. ಒಂದು ವಸ್ತು ರೋಗಿಗಳಲ್ಲಿ ಹೆಚ್ಚಾಗಿ ಕಂಡ ಮಾತ್ರಕ್ಕೆ ಅದೇ ರೋಗಕ್ಕೆ ಕಾರಣವೆಂದು ಹೇಳಲೂ ಬರುವುದಿಲ್ಲ. ಆದುದರಿಂದ ಒಂದು ಹನಿ ರಕ್ತದಿಂದ ಸಕಲವನ್ನೂ ಹೇಳುತ್ತೇವೆಂದು ಹಣ ಕೇಳುವವರ ಮಾತಿಗೆ ಮರುಳಾಗದೆ, ಸರಕಾರಿ ಆಸ್ಪತ್ರೆಯ ವೈದ್ಯರ ಸಲಹೆ ಪಡೆಯುವುದು ಒಳ್ಳೆಯದು.

ರೈತ ಕುಟುಂಬಗಳು ಅನುಸರಿಸಬೇಕಾದ ಕ್ರಮಗಳು

1. ಜೋಳ, ಸಜ್ಜೆಯ ರೊಟ್ಟಿಯ ಜೊತೆ ದಿನವೂ ಯಾವುದಾದರೊಂದು ಕಾಳು ಅಥವಾ ಬೇಳೆ ಇರಲಿ. ಹೊಲದಲ್ಲಿ ಅಕ್ಕಡಿಯಾಗಿ ಬೆಳೆದ ಹೆಸರು, ತೊಗರಿಗಳಲ್ಲಿ ಮನೆಗೆ ಬೇಕಾದಷ್ಟನ್ನು ಮೊದಲು ಎತ್ತಿಟ್ಟು ನಂತರ ಮಾರಬೇಕು.

2. ಬೇಳೆ, ಹಾಲು, ಪಲ್ಯಗಳಲ್ಲಿ ತಾಯಂದಿರ ಮತ್ತು ಹೆಣ್ಣುಮಕ್ಕಳ ಪಾಲನ್ನು ಬಡಿಸುವ ಮುಂಚೆಯೇ ತೆಗೆದಿಡಬೇಕು. ಗರ್ಭಿಣಿ, ಬಾಣಂತಿಯರ ವಿಷಯದಲ್ಲಿ ಇದು ಕಡ್ಡಾಯವೆಂದು ಭಾವಿಸಬೇಕು.

3. ಶೇಂಗಾವನ್ನು ಸರಿಯಾದ ಬಲಿತ ಹದದಲ್ಲಿ ಕೀಳಬೇಕು. ಕಿತ್ತ ಗಿಡಗಳನ್ನು ಕಾಯಿ ಮೇಲಾಗುವಂತೆ ತಿರುವಿಹಾಕಿ ಒಣಗಿಸಬೇಕು. ತೇವಾಂಶ ಶೇಕಡ 8ಕ್ಕೆ ಇಳಿಯುವವರೆಗೆ ಕಾಯಿ ಒಣಗಬೇಕು. ಅಲುಗಿಸಿದಾಗ ಕಾಳು ಗಲಗಲ ಸದ್ದು ಮಾಡಬೇಕು.

4. ಚೀಲಗಳನ್ನು ನೆಲಕ್ಕೆ ತಾಗಿಸದೆ, ಗೋಡೆಗೆ ಒರಗಿಸದೆ ಹಲಗೆಯ ಮೇಲಿಡಬೇಕು. ಸುಲಿಯುವಾಗ ನೀರು ಚಿಮುಕಿಸಬಾರದು.

5. ಬಣ್ಣಗೆಟ್ಟ, ಸುಕ್ಕಾದ, ಬೂಷ್ಟು ಹಿಡಿದ ಕಾಳನ್ನು ಆರಿಸಿ ನಾಶಮಾಡಬೇಕು. ಚಟ್ನಿಗೆ, ಎಣ್ಣೆಗೆ, ಬೀಜಕ್ಕೆ, ದನಕ್ಕೆ ಯಾವುದಕ್ಕೂ ಬಳಸಬಾರದು.

6. ಹಗೇವಿನಿಂದ ತೆಗೆದ ಜೋಳದಲ್ಲಿ ಬದಿಗೆ ತಾಗಿ ನೆನೆದ, ಗಂಟುಕಟ್ಟಿದ ಭಾಗವಿದ್ದರೆ ಅದನ್ನು ಒಳ್ಳೆಯ ಜೋಳದಲ್ಲಿ ಬೆರೆಸಬಾರದು.

7. ಕುಡಿಯುವ ನೀರಿನ ಫ್ಲೋರೈಡ್ ಪರೀಕ್ಷೆಯನ್ನು ಗ್ರಾಮ ಪಂಚಾಯಿತಿಯ ಮೂಲಕ ಮಾಡಿಸಬೇಕು. ಮಿತಿಮೀರಿದ ಬಾವಿಯ ನೀರನ್ನು ಕುಡಿಯಲು ಮತ್ತು ಅಡುಗೆಗೆ ಬಳಸದೆ ಬಟ್ಟೆ ಒಗೆಯಲು, ತೊಳೆಯಲು ಇಟ್ಟುಕೊಳ್ಳಬಹುದು.

8. ಬಿಸಿಲಿಗೆ ಬೀಳುವ ಚರ್ಮ ಎರಡೂ ಕೈಕಾಲುಗಳಲ್ಲಿ ಒಂದೇ ಬಗೆಯಾಗಿ ಕಪ್ಪಾಗಿ ಸುಲಿಯುತ್ತಿದ್ದು, ಜೊತೆಗೆ ಭೇದಿ, ಮಂಕುತನ ಇದ್ದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಪೆಲಾಗ್ರ ಸಕಾಲದಲ್ಲಿ ತಿಳಿದರೆ ನಯಾಸಿನ್ ಕೊಟ್ಟು ಗುಣಪಡಿಸಬಹುದಾದ ರೋಗ.

ದೇಹದೊಳಗಿನ ಸಣ್ಣ ವಸ್ತುಗಳನ್ನು ಎಣಿಸುವ ಕೆಲಸ ಪ್ರಯೋಗಾಲಯದ್ದು. ಆದರೆ ಆ ಎಣಿಕೆ ಸರಿಯಾಗಿ ಬರುವಂತೆ ಮಾಡುವ ಕೆಲಸ ಹೊಲದಲ್ಲಿ, ಕಣದಲ್ಲಿ, ಅಡುಗೆಮನೆಯಲ್ಲಿ ನಡೆಯಬೇಕು. ಕಣದಿಂದ ರಾಶಿ ಮನೆಗೆ ಬಂದ ದಿನ ಒಳ್ಳೆಯ ಕಾಳಿನ ಮೊದಲ ಸೇರು ಮನೆಯ ಡಬ್ಬಿಗೆ ಬಿದ್ದರೆ, ಉಂಡದ್ದು ಮೈಗೆ ಹತ್ತುವ ದಾರಿ ಅಲ್ಲಿಂದಲೇ ಆರಂಭವಾಗುತ್ತದೆ.